ಗಿಡಾ ಏರಬ್ಯಾಡ ಅಂದಾಕಿ ನಾನೇ

ಮೊಮ್ಮಗ ಸಾಲಿ ಸೂಟಿಗೆ ಮಸೂತಿಗೆ ಬಂದಿದ್ದ. ಹಿತ್ತಲದ ಬೇವಿನ ಗಿಡದ ಮೊದಲ ಟೊಂಗಿ ಏರಿದ್ದ ಅಷ್ಟೇ, "ಇಳಿಯೋ ತಮ್ಮಾ, ಬೀಳ್ತಿ!" ಅಂತ ಒದರಿದೆ. ಅವ ಗಾಬರಿಯಾಗಿ ಗಿಡಾ ತಬ್ಬಿಕೊಂಡು ನಿಂತ. ಇಳಿಯೋದು ಹೆಂಗಂತ ಗೊತ್ತಾಗಲಿಲ್ಲ, ನಾನೇ ಇಳಿಸಿಕೊಂಡೆ. ಅವನ ಸಾಲ್ಯಾಗ ಅಂಗಳಕ್ಕೆಲ್ಲಾ ಫರಸಿ ಹಾಸ್ಯಾರ, ಓಡಿದ್ರೂ ಬೈತಾರಂತ.

1980ರ ಸುಮಾರಿಗೆ ನಮ್ಮ ಸಾಲಿ ಬಯಲಾಗ ಗಿಡಮಂಗನ ಆಟ ನಡೀತಿತ್ತು. ಗುಂಡಗ ಗೆರಿ ಕೊರೆದು, ಕಾಲ ಕೆಳಗಿಂದ ಕೋಲು ದೂರ ಒಗಿಯೋದು. ಕಳ್ಳ ಅದನ್ನ ತಂದು ಗೆರಿಯೊಳಗ ಇಡೂದ್ರಾಗ ಉಳಿದವರೆಲ್ಲಾ ಗಿಡದ ಮ್ಯಾಲೆ. ಅವನ ಕೈಗೆ ಸಿಗದಂಗ ಜಿಗಿದು ಬಂದು ಕೋಲು ಹಿಡೀಬೇಕು. ಹುಣಸಿ ಟೊಂಗಿ ಬಾಗ್ತೈತಿ, ನುಗ್ಗಿ ಟೊಂಗಿ ಪಟಕ್ಕನ ಮುರೀತೈತಿ ಅನ್ನೋದನ್ನ ಯಾವ ಪುಸ್ತಕದಾಗೂ ಓದಲಿಲ್ಲ, ಕಾಲೇ ಕಲಿಸ್ತು. ಮಾಸ್ತರು ಕಟ್ಟಿ ಮ್ಯಾಲೆ ಕುಂತು ನೋಡ್ತಿದ್ರು. ಒಣಗಿದ ಟೊಂಗಿ ಮಾತ್ರ ಮೊದಲೇ ಕಡಿಸಿ ಹಾಕ್ತಿದ್ರು. ದೊಡ್ಡಾಕಿ ಆದಂಗ ನಮಗ ಹೆಣ್ಣುಮಕ್ಕಳಿಗೆ ಗಿಡ ಬಂದ್ ಆತು, ನಾಗರ ಪಂಚಮಿ ಜೋಕಾಲಿ ಒಂದೇ ಉಳೀತು.

ಇದು ಇವತ್ತಿಂದಲ್ಲ ನೋಡ್ರಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಾಗ ಬರೆಸಿದ ಮಾನಸೋಲ್ಲಾಸದಾಗ ಮಲ್ಲರು ಕಂಬದ ಮ್ಯಾಲೆ ಕಸರತ್ತು ಮಾಡೋದು ಬರ್ತೈತಿ. ದೂರದ ಡೆನ್ಮಾರ್ಕಿನ ಎಮ್‌ಡ್ರಪ್‌ದಾಗ 1943ರಾಗ, ಯುದ್ಧದ ನಡುವೇ, ಹಳೇ ಹಲಗಿ, ಸುತ್ತಿಗಿ, ಮೊಳಿ ಕೊಟ್ಟು ಮಕ್ಕಳಿಗೆ ಒಂದು ಬಯಲು ಬಿಟ್ರು. ಚೆಂದಗ ಕಟ್ಟಿಕೊಟ್ಟ ಜಾಗಾಕ್ಕಿಂತ ಹಾಳುಮೂಳು ಬಿದ್ದಲ್ಲೇ ಮಕ್ಕಳು ಆಡ್ತಾರ ಅಂತ ಸೊರೆನ್‌ಸೆನ್ ಅನ್ನೋ ಉದ್ಯಾನ ವಿನ್ಯಾಸಕಾರರು ಕಂಡುಕೊಂಡಿದ್ರು. ಯುದ್ಧ ಮುಗಿದ ಮ್ಯಾಲೆ ಇಂಗ್ಲೆಂಡಿನವರೂ ಬಾಂಬ್ ಬಿದ್ದ ಬಯಲಾಗ ಅಂಥವನ್ನ ಮಾಡಿದ್ರು. ಅಲ್ಲೂ ನಮ್ಮ ಮಾಸ್ತರಂಗ ದೊಡ್ಡವರೊಬ್ಬರು ಹತ್ತಿರ ಇರ್ತಿದ್ರು, ಆದ್ರ ಆಟದಾಗ ಕೈ ಹಾಕ್ತಿರಲಿಲ್ಲ.

ಹಂಗಂತ ಎಲ್ಲಾ ಅಪಾಯ ಒಂದೇ ಅಲ್ಲ. 2024ರ ಏಪ್ರಿಲ್‌ದಾಗ ನಮ್ಮ ಜಿಲ್ಲಾದ ಇಂಡಿ ತಾಲೂಕಿನ ಲಚ್ಯಾಣದಾಗ ಎರಡು ವರ್ಷದ ಕೂಸು ಕೊಳವಿ ಬಾವ್ಯಾಗ ಬಿತ್ತು. ಪುಣ್ಯಾಕ್ಕ ಮರುದಿನ ಜೀವಂತ ಮ್ಯಾಲೆ ತಗದ್ರು. ಆ ದಿನ ನಮ್ಮ ಮನ್ಯಾಗ ಯಾರ ಗಂಟಲದಾಗೂ ಅನ್ನ ಇಳಿಯಲಿಲ್ಲ. ತೆರೆದ ಬಾವಿ ಕೂಸಿಗೆ ತಿಳಿಯೂದಿಲ್ಲ, ಅದನ್ನ ಮುಚ್ಚೋದು ದೊಡ್ಡವರ ಕೆಲಸ. ಟೊಂಗಿಯ ಎತ್ತರ ಮಾತ್ರ ಮಗುವಿನ ಕಣ್ಣಿಗೇ ಕಾಣ್ತೈತಿ. ಅದನ್ನ ಅಳೆಯೋದು ಅದರ ಕೆಲಸ. ನಾವು ಬಾವಿ ತೆರೆದಿಟ್ಟು ಗಿಡಾ ಬಂದ್ ಮಾಡೇವಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಲಿಗೊಂದು ಆಟದ ಬಯಲು ಬೇಕಂತೈತಿ. ಬಯಲಿದ್ರೆ ಸಾಕೇನ್ರಿ, ಆಡಾಕ ಬಿಡಬೇಕಲ್ಲ?

ಮರುದಿನ ಒಣ ಟೊಂಗಿ ಕಡಿಸಿ, ಗಿಡದ ಬುಡಕ್ಕ ಉಸುಕು ಹಾಕಿಸಿದೆ. "ಏರು ತಮ್ಮಾ, ಆದ್ರ ನೀನೇ ಇಳೀಬೇಕು" ಅಂದೆ. ಇಳಿಯಾಕ ಅರ್ಧ ತಾಸು ಹಿಡೀತು. ಅಲ್ಲೀತನಕ ನಾನು ಕಟ್ಟಿ ಮ್ಯಾಲೆ ಸೆರಗು ಹಿಂಡಿಕೋತ, ಬಾಯಿ ಮುಚ್ಚಿಕೊಂಡು ಕುಂತಿದ್ದೆ.