ರಾಸ್ಪ್‌ಬೆರಿ ಪೈಯಲ್ಲಿ ಯುಎಸ್‌ಬಿ ಬೂಟ್: ದೋಷಪತ್ತೆ ಮತ್ತು ಪರಿಹಾರ

ರಾಸ್ಪ್‌ಬೆರಿ ಪೈ ಎಂಬ ಕಿರುಗಣಕವನ್ನು ಮೈಕ್ರೊ ಎಸ್‌ಡಿ ಕಾರ್ಡಿನ ಬದಲು ಪೆನ್‌ಡ್ರೈವ್‌ನಿಂದ ಅಥವಾ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿದ ಎಸ್‌ಎಸ್‌ಡಿಯಿಂದ ಚಾಲೂ ಮಾಡುವುದಕ್ಕೆ ಯುಎಸ್‌ಬಿ ಬೂಟ್ ಎನ್ನುತ್ತಾರೆ. ಇದು ವಿಫಲವಾದಾಗ ಪರದೆ ಕಪ್ಪಾಗಿಯೇ ಉಳಿಯಬಹುದು, ಬಣ್ಣದ ಚೌಕ ಮೂಡಿ ನಿಲ್ಲಬಹುದು, ಇಲ್ಲವೇ ಸಾಲುಸಾಲು ಅಕ್ಷರ ಹರಿದು ಒಂದೆಡೆ ತಡೆಯಬಹುದು. ಮೂರೂ ‘ಬೂಟ್ ಆಗುತ್ತಿಲ್ಲ’ ಎಂಬ ಒಂದೇ ದೂರಿನಂತೆ ಕಂಡರೂ ಅವುಗಳ ಕಾರಣ ಬೇರೆ, ಮದ್ದೂ ಬೇರೆ. ಗಣಕ ಯಾವ ಹಂತದವರೆಗೆ ಬಂದು ನಿಂತಿತು ಎಂಬುದನ್ನು ಮೊದಲು ಗುರುತಿಸಿಕೊಂಡರೆ ಡ್ರೈವನ್ನು ಮತ್ತೆ ಮತ್ತೆ ಅಳಿಸಿ ಬರೆಯುವ ಶ್ರಮ ತಪ್ಪುತ್ತದೆ.

ಹಿನ್ನೆಲೆ

ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿರುವ ರಾಸ್ಪ್‌ಬೆರಿ ಪೈ ಪ್ರತಿಷ್ಠಾನ ತನ್ನ ಮೊದಲ ಗಣಕವನ್ನು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಿಟ್ಟಿತು. ಮಕ್ಕಳ ಕೈಗೆಟುಕುವ ಬೆಲೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುವುದು ಅದರ ಉದ್ದೇಶ. ಬೆಲೆ ಇಳಿಸಲು ಹಾರ್ಡ್‌ಡಿಸ್ಕ್ ಕೈಬಿಟ್ಟು, ಆಪರೇಟಿಂಗ್ ಸಿಸ್ಟಂ ಇರಿಸಲು ಎಸ್‌ಡಿ ಕಾರ್ಡನ್ನು ಬಳಸಲಾಯಿತು. ಮುಂದೆ ಈ ಗಣಕ ಹವಾಮಾನ ದಾಖಲೆ, ಮನೆಯ ಸರ್ವರ್, ಕ್ಯಾಮೆರಾ ಕಣ್ಗಾವಲಿನಂಥ ದಿನವಿಡೀ ನಡೆಯುವ ಕೆಲಸಗಳಿಗೂ ಬಂದಿತು. ಸದಾ ಬರೆಯುತ್ತಲೇ ಇರುವ ಇಂಥ ಕೆಲಸದಲ್ಲಿ ಕಾರ್ಡು ಬೇಗ ಸವೆಯುತ್ತದೆ. ಬರೆಯುವ ನಡುವೆ ಕರೆಂಟು ಹೋದರೆ ಕಡತಗಳು ಕೆಡುತ್ತವೆ. ಹೀಗಾಗಿ ಹೆಚ್ಚು ಬಾಳಿಕೆಯ, ವೇಗದ ಯುಎಸ್‌ಬಿ ಸಂಗ್ರಹದಿಂದಲೇ ಬೂಟ್ ಮಾಡುವ ಬೇಡಿಕೆ ಬೆಳೆಯಿತು.

ಬೂಟ್ ಆಗುವ ಹಂತಗಳು

ಪೈ 3ರವರೆಗಿನ ಮಾದರಿಗಳಲ್ಲಿ ವಿದ್ಯುತ್ ಬಂದ ಕೂಡಲೇ ಎಚ್ಚರಗೊಳ್ಳುವುದು ಮುಖ್ಯ ಪ್ರೊಸೆಸರ್ ಅಲ್ಲ, ವಿಡಿಯೊಕೋರ್ ಎಂಬ ಗ್ರಾಫಿಕ್ಸ್ ಭಾಗ. ಚಿಪ್ಪಿನೊಳಗೇ ಅಚ್ಚಾಗಿರುವ ಬೂಟ್ ರಾಮ್ ಅನ್ನು ಅದು ಓದಿ, ಸಂಗ್ರಹದ ಮೊದಲ ಫ್ಯಾಟ್ ವಿಭಾಗದಿಂದ ‘ಬೂಟ್‌ಕೋಡ್.ಬಿನ್’ ಕಡತವನ್ನು ಎತ್ತಿಕೊಳ್ಳುತ್ತದೆ. ಅದು ‘ಸ್ಟಾರ್ಟ್.ಎಲ್ಫ್’ ಎಂಬ ಫರ್ಮ್‌ವೇರನ್ನು ತರುತ್ತದೆ. ಫರ್ಮ್‌ವೇರು ‘ಕಾನ್ಫಿಗ್’ ಕಡತದಲ್ಲಿನ ಸೂಚನೆಗಳನ್ನು ಓದಿ, ಲಿನಕ್ಸ್ ಕರ್ನಲ್ಲನ್ನು ಮೆಮರಿಗೆ ಹಾಕಿ, ‘ಸಿಎಂಡಿಲೈನ್’ ಕಡತದಲ್ಲಿರುವ ಸಾಲನ್ನು ಅದಕ್ಕೆ ಒಪ್ಪಿಸುತ್ತದೆ. ಇಷ್ಟಾದ ಮೇಲಷ್ಟೇ ಮುಖ್ಯ ಪ್ರೊಸೆಸರಿನ ಕೆಲಸ ಶುರು. ಕರ್ನಲ್ ತಾನಾಗಿ ಯುಎಸ್‌ಬಿ ಸಾಧನಗಳನ್ನು ಮತ್ತೊಮ್ಮೆ ಹುಡುಕಿ, ಆಪರೇಟಿಂಗ್ ಸಿಸ್ಟಂ ಇರುವ ರೂಟ್ ವಿಭಾಗವನ್ನು ತೆರೆಯುತ್ತದೆ.

ಅಂದರೆ ಒಂದೇ ಪೆನ್‌ಡ್ರೈವನ್ನು ಎರಡು ಬೇರೆ ತಂತ್ರಾಂಶಗಳು, ಒಂದಾದ ಮೇಲೊಂದರಂತೆ, ತಂತಮ್ಮ ರೀತಿಯಲ್ಲಿ ಪತ್ತೆ ಹಚ್ಚಬೇಕು. ಮೊದಲನೆಯದಕ್ಕೆ ಸಿಕ್ಕ ಡ್ರೈವ್ ಎರಡನೆಯದಕ್ಕೆ ಸಿಗದೆ ಹೋಗುವುದುಂಟು. ದೋಷ ಹುಡುಕುವವರು ಮರೆಯಬಾರದ ಸಂಗತಿ ಇದು.

ಮಾದರಿಗಳ ನಡುವಿನ ವ್ಯತ್ಯಾಸ

ಮೊದಲ ಪೈ ಮತ್ತು ಪೈ ಜೀರೊಗಳ ಬೂಟ್ ರಾಮ್‌ಗೆ ಯುಎಸ್‌ಬಿ ಡ್ರೈವ್ ಓದಲು ಬರುವುದಿಲ್ಲ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಎಸ್‌ಡಿ ಕಾರ್ಡಿನಲ್ಲಿ ಬೂಟ್‌ಕೋಡ್.ಬಿನ್ ಒಂದನ್ನೇ ಇಟ್ಟು, ಉಳಿದೆಲ್ಲವನ್ನೂ ಡ್ರೈವಿನಿಂದ ಓದಿಸುವುದು ಅಲ್ಲಿನ ದಾರಿ.

2016ರಲ್ಲಿ ಬಂದ ಪೈ 3 ಬಿ ಮಾದರಿಯ ಚಿಪ್ಪಿನಲ್ಲಿ ಯುಎಸ್‌ಬಿ ಬೂಟ್ ಸಾಮರ್ಥ್ಯ ಅಡಗಿದೆ, ಆದರೆ ಕಾರ್ಖಾನೆಯಿಂದ ಬರುವಾಗ ಅದು ಮುಚ್ಚಿರುತ್ತದೆ. ಕಾನ್ಫಿಗ್ ಕಡತದಲ್ಲಿ ‘ಪ್ರೋಗ್ರಾಂ ಯುಎಸ್‌ಬಿ ಬೂಟ್ ಮೋಡ್’ ಎಂಬ ಸಾಲಿಗೆ 1 ಎಂಬ ಬೆಲೆ ಕೊಟ್ಟು ಒಮ್ಮೆ ಕಾರ್ಡಿನಿಂದ ಬೂಟ್ ಮಾಡಿದರೆ, ಒಮ್ಮೆ ಮಾತ್ರ ಬರೆಯಬಹುದಾದ ಓಟಿಪಿ ಮೆಮರಿಯ 17ನೇ ಸಾಲಿನಲ್ಲಿ ಒಂದು ಬಿಟ್ ಶಾಶ್ವತವಾಗಿ ದಾಖಲಾಗುತ್ತದೆ. ಆಮೇಲೆ ಆ ಸಾಲಿನ ಬೆಲೆ 3020000ಎ ಎಂದು ಬರಬೇಕು. ಕೆಲಸ ಮುಗಿದ ಮೇಲೆ ಕಾನ್ಫಿಗ್‌ನಲ್ಲಿ ಸೇರಿಸಿದ್ದನ್ನು ಅಳಿಸಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅದೇ ಕಾರ್ಡನ್ನು ಇನ್ನೊಂದು ಪೈಗೆ ಹಾಕಿದಾಗ ಅದರಲ್ಲೂ ಬಿಟ್ ದಾಖಲಾಗುತ್ತದೆ. 2018ರ ಪೈ 3 ಬಿ ಪ್ಲಸ್‌ನಲ್ಲಿ ಈ ಬಿಟ್ ಕಾರ್ಖಾನೆಯಲ್ಲೇ ದಾಖಲಾಗಿರುತ್ತದೆ.

2019ರ ಜೂನ್‌ನಲ್ಲಿ ಬಂದ ಪೈ 4ರಲ್ಲಿ ಬೂಟ್‌ಕೋಡ್.ಬಿನ್ ಕಡತದ ಜಾಗಕ್ಕೆ ಬೋರ್ಡಿನ ಮೇಲಿನ ಈಪ್ರಾಮ್ ಚಿಪ್ ಬಂದಿತು. ಇದನ್ನು ತಿದ್ದಬಹುದು, ನವೀಕರಿಸಬಹುದು. ಬಿಡುಗಡೆಯ ವೇಳೆಗೆ ಪೈ 4ಕ್ಕೆ ಯುಎಸ್‌ಬಿ ಬೂಟ್ ಇರಲಿಲ್ಲ. 2020ರಲ್ಲಿ ಈಪ್ರಾಮ್ ನವೀಕರಣದ ಮೂಲಕ ಸೇರಿತು. ಆದ್ದರಿಂದ ಹಳೆಯ ದಾಸ್ತಾನಿನ ಪೈ 4 ಡ್ರೈವನ್ನು ನೋಡುವುದೇ ಇಲ್ಲವೆಂದರೆ ಮೊದಲ ಅನುಮಾನ ಈಪ್ರಾಮ್ ಮೇಲೆಯೇ ಬೀಳಬೇಕು. ರಾಸ್ಪ್‌ಬೆರಿ ಪೈ ಇಮೇಜರ್ ತಂತ್ರಾಂಶದಿಂದ ಬೂಟ್‌ಲೋಡರ್ ಕಡತವನ್ನು ಒಂದು ಕಾರ್ಡಿಗೆ ಬರೆದು, ಅದನ್ನು ಹಾಕಿ ವಿದ್ಯುತ್ ಕೊಟ್ಟರೆ ಈಪ್ರಾಮ್ ನವೀಕರಣಗೊಳ್ಳುತ್ತದೆ. ಪರದೆ ಪೂರ್ತಿ ಹಸಿರಾದರೆ ಕೆಲಸ ಮುಗಿದಂತೆ.

ಯಾವ ಸಾಧನವನ್ನು ಮೊದಲು ನೋಡಬೇಕೆಂಬುದನ್ನು ಈಪ್ರಾಮ್‌ನಲ್ಲಿರುವ ‘ಬೂಟ್ ಆರ್ಡರ್’ ಸಂಖ್ಯೆ ಹೇಳುತ್ತದೆ. ಅದನ್ನು ಬಲದಿಂದ ಎಡಕ್ಕೆ ಓದಬೇಕು. 1 ಎಂದರೆ ಎಸ್‌ಡಿ ಕಾರ್ಡು, 2 ನೆಟ್‌ವರ್ಕ್, 4 ಯುಎಸ್‌ಬಿ ಸಂಗ್ರಹ, 6 ಎನ್‌ವಿಎಂಇ, ಎಫ್ ಎಂದರೆ ಮತ್ತೆ ಮೊದಲಿನಿಂದ ಹುಡುಕು. ಹೀಗಾಗಿ ‘ಎಫ್41’ ಇದ್ದರೆ ಮೊದಲು ಕಾರ್ಡು, ಬಳಿಕ ಯುಎಸ್‌ಬಿ. ‘ಎಫ್14’ ಇದ್ದರೆ ಮೊದಲು ಯುಎಸ್‌ಬಿ. ಎಡದಿಂದ ಓದಿ ಕ್ರಮವನ್ನು ತಲೆಕೆಳಗು ಮಾಡಿಟ್ಟುಕೊಳ್ಳುವುದು ಸಾಮಾನ್ಯ ತಪ್ಪು.

2023ರ ಪೈ 5ರಲ್ಲಿ ಇನ್ನೊಂದು ನಿಯಮ ಸೇರಿತು. 5 ವೋಲ್ಟ್, 5 ಆಂಪಿಯರ್ ಕೊಡಬಲ್ಲ ಅಡಾಪ್ಟರ್ ಇದೆಯೆಂದು ಖಾತ್ರಿಯಾಗದಿದ್ದರೆ ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಸಿಗುತ್ತದೆ, ಯುಎಸ್‌ಬಿ ಬೂಟ್ ತಡೆಯಲ್ಪಡುತ್ತದೆ. ಬೋರ್ಡಿನ ಪವರ್ ಗುಂಡಿ ಒತ್ತಿದರೆ ಆ ಸಲಕ್ಕೆ ಬೂಟ್ ಮುಂದುವರಿಯುತ್ತದೆ. ಕಾನ್ಫಿಗ್ ಕಡತದಲ್ಲಿ ‘ಯುಎಸ್‌ಬಿ ಮ್ಯಾಕ್ಸ್ ಕರೆಂಟ್ ಎನೇಬಲ್’ ಎಂಬುದಕ್ಕೆ 1 ಕೊಟ್ಟರೆ ಈ ತಡೆ ತೆರವಾಗುತ್ತದೆ. ಅಡಾಪ್ಟರಿಗೆ ನಿಜಕ್ಕೂ ಅಷ್ಟು ಶಕ್ತಿಯಿದ್ದರೆ ಮಾತ್ರ ಹೀಗೆ ಮಾಡಬೇಕು.

ನಿಂತ ಹಂತವನ್ನು ಗುರುತಿಸುವುದು

ಕೆಂಪು ದೀಪ ಉರಿಯುತ್ತಿದ್ದು ಹಸಿರು ದೀಪ ಒಮ್ಮೆಯೂ ಮಿನುಗದಿದ್ದರೆ, ಗಣಕ ಡ್ರೈವಿನಿಂದ ಏನನ್ನೂ ಓದಿಲ್ಲ ಎಂದು ತಿಳಿಯಬಹುದು. ಹಸಿರು ದೀಪ ಒಂದೇ ಲಯದಲ್ಲಿ ಮಿನುಗಿ, ತುಸು ನಿಂತು, ಮತ್ತೆ ಮಿನುಗಿದರೆ ಅದು ದೋಷಸಂಕೇತ. ಇವುಗಳಲ್ಲಿ ಮುಖ್ಯವಾದವು:

- 4 ಚಿಕ್ಕ ಮಿನುಗು: ಸ್ಟಾರ್ಟ್.ಎಲ್ಫ್ ಸಿಗಲಿಲ್ಲ.
- 7 ಚಿಕ್ಕ ಮಿನುಗು: ಕರ್ನಲ್ ಕಡತ ಸಿಗಲಿಲ್ಲ.
- 8 ಚಿಕ್ಕ ಮಿನುಗು: ಮೆಮರಿ ಚಿಪ್ಪಿನ ದೋಷ.
- 2 ದೀರ್ಘ, 1 ಚಿಕ್ಕ: ವಿಭಾಗ ಫ್ಯಾಟ್ ಮಾದರಿಯದಲ್ಲ.
- 2 ದೀರ್ಘ, 2 ಚಿಕ್ಕ: ವಿಭಾಗವನ್ನು ಓದಲಾಗಲಿಲ್ಲ.

ಕಾಮನಬಿಲ್ಲಿನ ಬಣ್ಣಗಳ ಚೌಕ ಮೂಡಿ ನಿಂತರೆ ಫರ್ಮ್‌ವೇರ್ ಬಂದಿದೆ, ಕರ್ನಲ್ ಶುರುವಾಗಿಲ್ಲ ಎಂದರ್ಥ. ಹೊಸ ಬೋರ್ಡಿನಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಂ ಹಾಕಿದಾಗ ಹೀಗಾಗುವುದುಂಟು. ಅಕ್ಷರಗಳು ಹರಿದು, ರೂಟ್ ಸಾಧನಕ್ಕಾಗಿ ಕಾಯುತ್ತಿರುವುದಾಗಿ ಹೇಳಿ ನಿಂತರೆ ಬೂಟ್‌ಲೋಡರ್ ತನ್ನ ಪಾಲನ್ನು ಮುಗಿಸಿದೆ; ಇನ್ನು ಹುಡುಕಬೇಕಾದ್ದು ಲಿನಕ್ಸ್ ಕಡೆಗೆ. ಪೈ 4 ಮತ್ತು 5ರಲ್ಲಿ ಎಚ್‌ಡಿಎಂಐ ಪರದೆ ಜೋಡಿಸಿದ್ದರೆ ಈಪ್ರಾಮ್ ತಾನು ಯಾವ ಸಾಧನವನ್ನು ಪ್ರಯತ್ನಿಸುತ್ತಿದೆ, ಯಾವ ಕಡತ ಸಿಗಲಿಲ್ಲ ಎಂಬುದನ್ನು ಅಲ್ಲೇ ಬರೆದು ತೋರಿಸುತ್ತದೆ.

ಸಾಮಾನ್ಯ ಕಾರಣಗಳು

ವಿದ್ಯುತ್ ಕೊರತೆ: ಇದನ್ನೇ ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳಿಗೆ ಒಟ್ಟಾಗಿ ಸಿಗುವುದು 1.2 ಆಂಪಿಯರ್. ಎಸ್‌ಎಸ್‌ಡಿಯೊಂದು ಚಾಲೂ ಆಗುವ ಕ್ಷಣದಲ್ಲಿ ಎಳೆಯುವ ಕರೆಂಟು ಅದರ ಸರಾಸರಿಗಿಂತ ಹೆಚ್ಚು. ಮೊಬೈಲ್ ಚಾರ್ಜರ್ ಮತ್ತು ತೆಳು ತಂತಿಯ ಕೇಬಲ್ ಇದ್ದರೆ ಆ ಹೊತ್ತಿಗೆ ವೋಲ್ಟೇಜ್ ಕುಸಿದು ಡ್ರೈವ್ ಸಂಪರ್ಕ ಕಡಿದುಕೊಳ್ಳುತ್ತದೆ. ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಪರದೆಯ ಮೇಲೆ ಮಿಂಚಿನ ಗುರುತು ಕಾಣುತ್ತದೆ. ಕಾರ್ಡಿನಿಂದ ಬೂಟ್ ಮಾಡಿ ‘ವಿಸಿಜೆನ್‌ಕಮಾಂಡ್’ ಉಪಕರಣದ ‘ಗೆಟ್ ಥ್ರಾಟಲ್ಡ್’ ಆಜ್ಞೆ ಕೊಟ್ಟಾಗ ಉತ್ತರ ಸೊನ್ನೆಯಾಗಿರಬೇಕು. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಬೇಕು. ದೊಡ್ಡ ಡ್ರೈವ್‌ಗಳಿಗೆ ಸ್ವಂತ ವಿದ್ಯುತ್ತಿನ ಯುಎಸ್‌ಬಿ ಹಬ್ ಒಳ್ಳೆಯ ಪರಿಹಾರ, ಆದರೆ ಆ ಹಬ್ ಪೈಯ ಕಡೆಗೆ ಹಿಮ್ಮುಖವಾಗಿ ಕರೆಂಟು ಹರಿಸುವಂಥದ್ದಾಗಿರಬಾರದು.

ತಡವಾಗಿ ಸಿದ್ಧವಾಗುವ ಡ್ರೈವ್: ಪೈ 3ರ ಬೂಟ್ ರಾಮ್ ಸುಮಾರು 2 ಸೆಕೆಂಡು ಮಾತ್ರ ಕಾಯುತ್ತದೆ. ತಿರುಗುವ ಹಾರ್ಡ್‌ಡಿಸ್ಕ್‌ಗಳಿಗೂ ಕೆಲವು ಪೆನ್‌ಡ್ರೈವ್‌ಗಳಿಗೂ ಅಷ್ಟು ಹೊತ್ತು ಸಾಲದು. ಬೂಟ್‌ಕೋಡ್.ಬಿನ್ ಇರುವ ಕಾರ್ಡಿನಲ್ಲಿ ‘ಟೈಮ್‌ಔಟ್’ ಎಂಬ ಹೆಸರಿನ ಖಾಲಿ ಕಡತ ಇಟ್ಟರೆ ಕಾಯುವ ಅವಧಿ 5 ಸೆಕೆಂಡಿಗೆ ಏರುತ್ತದೆ. ಪೈ 3 ಮೊದಲು ಕಾರ್ಡಿಗಾಗಿ ಹುಡುಕಿ ಆಮೇಲೆ ಯುಎಸ್‌ಬಿಗೆ ತಿರುಗುವುದರಿಂದ, ಕಾರ್ಡಿಲ್ಲದೆ ಬೂಟ್ ಮಾಡುವಾಗ ಆರಂಭದ ಕೆಲವು ಸೆಕೆಂಡುಗಳ ಮೌನ ಸಹಜವೇ; ಅಷ್ಟರಲ್ಲಿ ಪ್ಲಗ್ ಕೀಳಬಾರದು.

ರೂಟ್ ವಿಭಾಗದ ಗುರುತು: ಸಿಎಂಡಿಲೈನ್ ಕಡತದಲ್ಲಿ ರೂಟ್ ವಿಭಾಗವನ್ನು ‘ಪಾರ್ಟ್‌ಯುಯುಐಡಿ’ ಎಂಬ ಗುರುತಿನಿಂದ ಹೇಳಿರುತ್ತದೆ. ಎಂಬಿಆರ್ ಡಿಸ್ಕ್‌ನಲ್ಲಿ ಇದು 8 ಅಕ್ಷರಗಳ ಡಿಸ್ಕ್ ಗುರುತು, ಅಡ್ಡಗೆರೆ, ಬಳಿಕ ವಿಭಾಗದ ಸಂಖ್ಯೆ, ಸಾಮಾನ್ಯವಾಗಿ 02. ಡ್ರೈವನ್ನು ಹೊಸದಾಗಿ ವಿಭಾಗಿಸಿ ಕಡತಗಳನ್ನಷ್ಟೇ ನಕಲು ಮಾಡಿದರೆ ಡಿಸ್ಕ್‌ನ ಗುರುತು ಬದಲಾಗಿರುತ್ತದೆ, ಸಿಎಂಡಿಲೈನ್‌ನಲ್ಲಿ ಹಳೆಯದೇ ಉಳಿದಿರುತ್ತದೆ. ಹೀಗಾಗಿ ಇಲ್ಲವೇ ಇಲ್ಲದ ವಿಭಾಗಕ್ಕಾಗಿ ಕರ್ನಲ್ ಕಾಯುತ್ತ ಕೂರುತ್ತದೆ. ‘ಬಿಎಲ್‌ಕೆಐಡಿ’ ಆಜ್ಞೆಯಿಂದ ನಿಜವಾದ ಗುರುತನ್ನು ತಿಳಿದು ಸಿಎಂಡಿಲೈನ್ ಮತ್ತು ‘ಎಫ್‌ಎಸ್‌ಟ್ಯಾಬ್’ ಎರಡರಲ್ಲೂ ತಿದ್ದಬೇಕು. ಸಿಎಂಡಿಲೈನ್‌ನಲ್ಲಿ ಇರಬೇಕಾದ್ದು ಒಂದೇ ಸಾಲು. ತಿದ್ದುವಾಗ ಎಂಟರ್ ಒತ್ತಿ ಸಾಲು ಮುರಿದರೆ ಮುರಿದ ನಂತರದ ಭಾಗ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ಕಾರ್ಡನ್ನು ಬಿಟ್ ಬಿಡದೆ ನಕಲು ಮಾಡಿದಾಗ ಕಾರ್ಡಿಗೂ ಡ್ರೈವಿಗೂ ಒಂದೇ ಗುರುತು ಬರುತ್ತದೆ. ಎರಡನ್ನೂ ಜೋಡಿಸಿಯೇ ಬೂಟ್ ಮಾಡಿದರೆ ಯಾವುದು ರೂಟ್ ಆಗುತ್ತದೆಂದು ಹೇಳಲಾಗದು. ಎಸ್‌ಎಸ್‌ಡಿಯಿಂದ ನಡೆಯುತ್ತಿದೆ ಎಂದು ನಂಬಿದ ಗಣಕ ಕಾರ್ಡಿನ ಮೇಲೆಯೇ ಬರೆಯುತ್ತಿರಬಹುದು. ‘ಫೈಂಡ್‌ಮೌಂಟ್’ ಆಜ್ಞೆ ರೂಟ್‌ನ ಮೂಲವನ್ನು ‘ಎಸ್‌ಡಿಎ2’ ಎಂದು ತೋರಿಸಿದರೆ ಅದು ಯುಎಸ್‌ಬಿ ಡ್ರೈವ್, ‘ಎಂಎಂಸಿಬಿಎಲ್‌ಕೆ0ಪಿ2’ ಎಂದರೆ ಕಾರ್ಡು.

ಯುಎಸ್‌ಬಿ-ಸಾಟಾ ಅಡಾಪ್ಟರ್: ಯುಎಎಸ್ ಎಂಬ ವೇಗದ ಸಂವಹನ ವಿಧಾನವನ್ನು ಬೆಂಬಲಿಸುವುದಾಗಿ ಹೇಳಿಕೊಂಡು, ಅದನ್ನು ಸರಿಯಾಗಿ ಪಾಲಿಸದ ಅಡಾಪ್ಟರ್ ಚಿಪ್ಪುಗಳಿವೆ. ಪೈ 4ರ ನೀಲಿ ಯುಎಸ್‌ಬಿ 3 ಪೋರ್ಟ್‌ನಲ್ಲಿ ತಡವರಿಸುವ ಡ್ರೈವ್ ಕಪ್ಪು ಯುಎಸ್‌ಬಿ 2 ಪೋರ್ಟ್‌ನಲ್ಲಿ ಸರಾಗವಾಗಿ ನಡೆದರೆ ಅಡಾಪ್ಟರನ್ನು ಅನುಮಾನಿಸಬಹುದು. ‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆ ಕೊಡುವ ತಯಾರಕ ಮತ್ತು ಸಾಧನದ ಸಂಖ್ಯೆಗಳನ್ನು ಸಿಎಂಡಿಲೈನ್‌ನಲ್ಲಿ ‘ಯುಎಸ್‌ಬಿ ಸ್ಟೋರೇಜ್ ಕ್ವಿರ್ಕ್ಸ್’ ಆಯ್ಕೆಗೆ ಕೊಟ್ಟು, ಕೊನೆಗೆ ‘ಯು’ ಅಕ್ಷರ ಸೇರಿಸಿದರೆ ಆ ಅಡಾಪ್ಟರಿಗೆ ಯುಎಎಸ್ ನಿಲ್ಲುತ್ತದೆ. ವೇಗ ತುಸು ತಗ್ಗಿದರೂ ಸ್ಥಿರತೆ ಸಿಗುತ್ತದೆ.

ಡ್ರೈವಿನ ದೋಷ: ಹೆಚ್ಚು ಸಾಮರ್ಥ್ಯದ ಸುಳ್ಳು ಗುರುತು ಹೊತ್ತ ನಕಲಿ ಪೆನ್‌ಡ್ರೈವ್‌ಗಳು ಬರೆಯುವಾಗ ತಪ್ಪು ತೋರಿಸದೆ, ಓದುವಾಗ ಕೆಟ್ಟ ದತ್ತಾಂಶ ಕೊಡುತ್ತವೆ. ಲಿನಕ್ಸ್‌ನ ‘ಎಫ್3’ ಉಪಕರಣ ಇಡೀ ಡ್ರೈವನ್ನು ತುಂಬಿಸಿ ಮತ್ತೆ ಓದಿ ಇದನ್ನು ಬಯಲಿಗೆಳೆಯುತ್ತದೆ.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಮುನ್ನ ಉಳಿದ ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆದು ಡ್ರೈವ್ ಒಂದನ್ನೇ ಉಳಿಸಬೇಕು. ಚೆನ್ನಾಗಿ ನಡೆಯುವ ಎಸ್‌ಡಿ ಕಾರ್ಡಿನಿಂದ ಬೂಟ್ ಮಾಡಿ ವಿದ್ಯುತ್ತನ್ನೂ ಈಪ್ರಾಮ್ ಆವೃತ್ತಿಯನ್ನೂ ನೋಡಬೇಕು; ಪೈ 3 ಬಿ ಆದರೆ ಓಟಿಪಿ ಬಿಟ್ಟನ್ನು. ಅದೇ ಹೊತ್ತಿಗೆ ಡ್ರೈವನ್ನು ಜೋಡಿಸಿ ಲಿನಕ್ಸ್ ಅದನ್ನು ತಪ್ಪಿಲ್ಲದೆ ಓದುತ್ತದೆಯೇ ಎಂದು ‘ಡಿಮೆಸೇಜ್’ ದಾಖಲೆಯಲ್ಲಿ ಪರಿಶೀಲಿಸಬೇಕು. ಇಷ್ಟು ಸರಿಯಿದ್ದರೆ ಇಮೇಜರ್‌ನಿಂದ ಹೊಸ ಆಪರೇಟಿಂಗ್ ಸಿಸ್ಟಂ ಬರೆದು, ಕಾರ್ಡು ತೆಗೆದು ಬೂಟ್ ಮಾಡಬೇಕು. ಹೊಸದು ಬೂಟ್ ಆಗಿ ತಮ್ಮ ನಕಲು ಆಗದಿದ್ದರೆ ದೋಷ ನಕಲಿನಲ್ಲಿದೆ. ಹೊಸದೂ ಆಗದಿದ್ದರೆ ಇನ್ನೊಂದು ಕಂಪನಿಯ ಡ್ರೈವ್ ಅಥವಾ ಅಡಾಪ್ಟರ್ ಹಾಕಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು: ಅಡಾಪ್ಟರ್, ಕೇಬಲ್, ಕಾನ್ಫಿಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಣಕ ಚಾಲೂ ಆದರೂ ಕಾರಣ ತಿಳಿಯುವುದಿಲ್ಲ, ಮುಂದಿನ ಸಲ ಹುಡುಕಾಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ.