ಭದ್ರಾವತಿಯ ಕುಲುಮೆಯೂ ಪ್ರಜೆಗಳ ಮಾತೂ

ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ದೊರೆಯುತ್ತಿರಲಿಲ್ಲ. ಆದರೆ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರೂ ಮಲೆನಾಡಿನಲ್ಲಿ ಕಾಡೂ ಯಥೇಚ್ಛವಾಗಿದ್ದುವು. ಆದಕಾರಣ ಮರದ ಇದ್ದಲಿನಿಂದಲೇ ಅದಿರನ್ನು ಕರಗಿಸಬೇಕೆಂದೂ, ಇದ್ದಲು ಮಾಡುವಾಗ ಏಳುವ ಹೊಗೆಯನ್ನು ವ್ಯರ್ಥಗೊಳಿಸದೆ ಅದರಿಂದ ಮದ್ಯಸಾರ, ಟಾರು ಮೊದಲಾದುವನ್ನು ಭಟ್ಟಿಯಿಳಿಸಬೇಕೆಂದೂ ಸರ್ಕಾರವು ಸಂಕಲ್ಪಿಸಿತು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ನೆಯ ಜನವರಿ 18ರಂದು ಕಾರ್ಖಾನೆಯು ಆರಂಭವಾಯಿತು. ನ್ಯೂ ಟೌನ್ ಆ ಕುಲುಮೆಯ ಕೂಸು. ಬೊಕ್ಕಸದ ಹಣದಿಂದ ನಡೆದ ಈ ಮಹಾಪ್ರಯೋಗದಲ್ಲಿ, ಆ ಹಣವನ್ನು ತೆತ್ತ ರೈತನಿಗೆ ಎಷ್ಟು ಮಾತಿದ್ದಿತು?

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆಯು ಏರ್ಪಟ್ಟಿತು. ದಸರೆಗೆ ನೆರೆದ ಪ್ರತಿನಿಧಿಗಳು ದಿವಾನರ ಭಾಷಣವನ್ನು ಕೇಳಿ ತಮ್ಮ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳಬಹುದಾಗಿತ್ತು. ಖರ್ಚನ್ನು ತಡೆಯುವ ಅಧಿಕಾರವಿರಲಿಲ್ಲ. 1911ರ ಸಂಪದಭ್ಯುದಯ ಸಮಾಜವು ಒಂದು ಹೆಜ್ಜೆ ಮುಂದೆ ಹೋಗಿ, ವ್ಯವಸಾಯ, ಕೈಗಾರಿಕೆ, ವಿದ್ಯೆಗಳ ವಿಚಾರದಲ್ಲಿ ಅಧಿಕಾರಿಗಳೊಡನೆ ಸಾರ್ವಜನಿಕರನ್ನೂ ಸಮಿತಿಗಳಲ್ಲಿ ಕೂರಿಸಿತು. (ಕನ್ನಡ ಸಾಹಿತ್ಯ ಪರಿಷತ್ತಿನ ಹುಟ್ಟಿಗೂ ಇದೇ ಸಮಾಜವು ಕಾರಣವೆಂಬುದನ್ನು ಸಾಹಿತ್ಯಪ್ರಿಯರು ಮರೆಯಲಾರರು.)

ಆದರೆ ಪ್ರಜೆಯ ಮಾತು ನಿಜವಾಗಿ ನಡೆದದ್ದು ಸಭೆಯಲ್ಲಲ್ಲ, ಅಡಿಕೆಯ ತೋಟದಲ್ಲಿ. ಮಳೆಗಾಲದ ಕೊಳೆರೋಗದಿಂದ ಎಳೆಯ ಕಾಯಿಗಳು ಉದುರಿ ಮಲೆನಾಡಿನ ಮನೆಗಳು ಸಾಲಕ್ಕೆ ಬೀಳುತ್ತಿದ್ದುವು. ಗೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವ ಉಪಾಯವನ್ನು ತೋಟಿಗರು ಬಹುಕಾಲದಿಂದ ಬಲ್ಲರು. 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ರೋಗಕ್ಕೆ ಒಂದು ಬೂಷ್ಟೇ ಮೂಲವೆಂದು ತಿಳಿದು, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ, ಸುಣ್ಣಗಳನ್ನು ಬೆರೆಸಿದ ಬೋರ್ಡೋ ದ್ರಾವಣವು ಔಷಧವಾಯಿತು. ಅದನ್ನು ಮರದ ತುದಿಗೆ ಮುಟ್ಟಿಸುವವನು ಮಾತ್ರ ಕೊನೆಗಾರನೇ. ಶ್ರಾವಣದಲ್ಲಿ ಕಾಯಿ ನಿಂತಿತೋ ಉದುರಿತೋ ಎಂಬುದನ್ನು ಯಾವ ಇಲಾಖೆಯೂ ತೋಟಿಗನಿಂದ ಮರೆಮಾಚುವಂತಿರಲಿಲ್ಲ.

ಕಬ್ಬಿಣಕ್ಕೆ ಅಂತಹ ಪರೀಕ್ಷಕನಿರಲಿಲ್ಲ. ಮಹಾಯುದ್ಧವು ಮುಗಿದ ಮೇಲೆ ಬೆಲೆಯು ಕುಸಿಯಿತು; ನಷ್ಟವು ತೋರಿತು. 1923ರ ಸುಧಾರಣೆಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನವೂ, ನ್ಯಾಯವಿಧಾಯಕ ಸಭೆಗೆ ಆಯವ್ಯಯದ ಬೇಡಿಕೆಗಳ ಮೇಲೆ ಮತ ನೀಡುವ ಹಕ್ಕೂ ದೊರೆತುವು. ಆದರೆ ಅಷ್ಟರಲ್ಲಿ ಕುಲುಮೆಯು ನಿಂತುಬಿಟ್ಟಿದ್ದಿತು. ಕಾರ್ಖಾನೆಯನ್ನು ಟೀಕಿಸಿದವರನ್ನು ಅಲ್ಪದೃಷ್ಟಿಯವರೆಂದು ಜರೆಯುವುದು ವಾಡಿಕೆಯಾಗಿದೆ. ಅದು ನ್ಯಾಯವಲ್ಲ, ಲೆಕ್ಕ ಕೇಳುವುದು ಅವರ ಧರ್ಮವಾಗಿದ್ದಿತು. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅಧ್ಯಕ್ಷರಾಗಿದ್ದು ವೆಚ್ಚವನ್ನು ಬಿಗಿಹಿಡಿದು ಕಾರ್ಖಾನೆಯನ್ನು ಉಳಿಸಿದ್ದೂ ಅಷ್ಟೇ ಸತ್ಯ. 1936ರಲ್ಲಿ ಉಕ್ಕಿನ ತಯಾರಿಕೆಯೂ ಮೊದಲಾಯಿತು.

1998ರಲ್ಲಿ ಕಾರ್ಖಾನೆಯು ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ನಿರ್ಧಾರವು ಹೊರಬಿದ್ದಿತು. ಕೆಲಸಗಾರರು ಭದ್ರಾವತಿಯಲ್ಲಿ ಪ್ರತಿಭಟನೆಗಿಳಿದರು.