ಸೂಟಿಯ ಲೆಕ್ಕ: ಸೊಲ್ಲಾಪುರದ ಗಿರಣಿ ಕಾರ್ಮಿಕರ ವಾರ್ಷಿಕ ರಜೆ ಮತ್ತು ಊರಿನ ದಾರಿ

ಗಡಿಯಾಚೆಯ ಕನ್ನಡ ಅಂದ ಕೂಡಲೇ ನಾವು ಶಾಲೆ, ಪತ್ರಿಕೆ, ಗಡಿ ವಿವಾದ ಇವುಗಳ ಮಾತು ತೆಗೆಯುತ್ತೇವೆ. ನಾನು ಇವತ್ತು ಬಹಳ ಸಣ್ಣ ವಿಷಯ ಹಿಡಿದುಕೊಂಡು ಬಂದಿದ್ದೇನೆ: ಗಿರಣಿ ಕಾರ್ಮಿಕನಿಗೆ ವರ್ಷಕ್ಕೆ ಸಿಗುತ್ತಿದ್ದ ಹನ್ನೆರಡು, ಹದಿನೈದು ದಿನದ ಪಗಾರಿ ಸೂಟಿ. ಆ ದಿನಗಳನ್ನು ಅವನು ಹೇಗೆ ಹಂಚಿಕೊಂಡ, ಎಲ್ಲಿಗೆ ಹೋದ ಅನ್ನೋದನ್ನು ನೋಡಿದರೆ ಸೊಲ್ಲಾಪುರದ ಕನ್ನಡ ಮನೆಗಳು ಊರಿನ ನಂಟನ್ನು ಹೇಗೆ ಉಳಿಸಿಕೊಂಡವು ಅನ್ನೋದು ತಿಳಿಯುತ್ತದೆ ಎಂಬುದು ನನ್ನ ವಾದ. ನನ್ನ ಆಕರ ಮೂರು: ಕಾಯ್ದೆಯ ಪಠ್ಯ, ರಾಯಲ್ ಕಮಿಷನ್ನಿನ ವರದಿ, ಮತ್ತು ನಮ್ಮ ಆಯಿಯ ನೆನಪು.

ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಕೆಲಸ ಶುರು ಮಾಡಿದ್ದು 1877ರಲ್ಲಿ. ತೆಲುಗು, ಮರಾಠಿ ಮಾತಾಡುವ ಕಾರ್ಮಿಕರ ಜೊತೆ ಅಕ್ಕಲಕೋಟೆ, ಇಂಡಿ, ಜತ್ತ ಕಡೆಯ ಕನ್ನಡದವರೂ ಗಿರಣಿ ಸೇರಿದರು. ಆ ಕಾಲದಲ್ಲಿ ಪಗಾರದ ಸಮೇತ ವಾರ್ಷಿಕ ರಜೆ ಕೊಡಬೇಕೆಂಬ ಕಾಯ್ದೆ ಇರಲಿಲ್ಲ. ಊರಿಗೆ ಹೋದರೆ ಅದು ‘ಖಾಡಾ’. ಪಗಾರ ಕತ್ತರಿಸುತ್ತಿತ್ತು, ತಿರುಗಿ ಬರುವಷ್ಟರಲ್ಲಿ ಮಗ್ಗದ ಮುಂದೆ ಬೇರೆಯವನು ನಿಂತಿರಬಹುದಿತ್ತು. ಕಚೇರಿಯ ದಾಖಲೆಯಲ್ಲಿ ಇದಕ್ಕೆ ‘ಗೈರುಹಾಜರಿ’ ಅಂತ ಹೆಸರು, ಮನೆಯಲ್ಲಿ ‘ಊರಿಗೆ ಹೋಗೋದು’ ಅಂತ. ಈ ಎರಡು ಹೆಸರುಗಳ ನಡುವಿನ ಅಂತರವೇ ನನ್ನ ವಿಷಯ.

ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್ 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಕೊಟ್ಟಿತು. ಅದರ ಒಂದು ಮಾತು ಈ ಚರ್ಚೆಗೆ ಮುಖ್ಯ. ಕಾರ್ಮಿಕನಿಗೆ ಹಳ್ಳಿಯ ಜೊತೆ ಇರುವ ನಂಟು ಒಂದು ಬಲ, ಅದನ್ನು ಕಡಿಯುವ ಬದಲು ಕ್ರಮಕ್ಕೆ ತರಬೇಕು, ಇಂತಿಷ್ಟು ದಿನ ಅಂತ ರಜೆ ಕೇಳಲು ಅವನನ್ನು ಪ್ರೋತ್ಸಾಹಿಸಬೇಕು, ಬಂದ ಮೇಲೆ ಹಳೆಯ ಕೆಲಸ ಸಿಗುವ ಭರವಸೆ ಇರಬೇಕು ಅಂತ ಕಮಿಷನ್ ಹೇಳಿತು. ಕಾಯ್ದೆ ಬರಲು ಮತ್ತೆ ಹದಿನೈದು ವರ್ಷ ಹಿಡಿಯಿತು. 1945ರ ತಿದ್ದುಪಡಿಯಿಂದ ವರ್ಷಕ್ಕೆ ಹತ್ತು ದಿನದ ಪಗಾರಿ ರಜೆ ಬಂತು. 1948ರ ಕಾರ್ಖಾನೆ ಕಾಯ್ದೆ ಮತ್ತು ಅದರ 1954ರ ತಿದ್ದುಪಡಿ ಅದಕ್ಕೆ ಮುಂದೆ ದಶಕಗಳ ಕಾಲ ಉಳಿದ ರೂಪ ಕೊಟ್ಟವು.

ಆ ಕಾಯ್ದೆಯ ಕಲಮುಗಳನ್ನು ನಾವು ವಕೀಲರ ಹಾಗೆ ಓದುತ್ತೇವೆ. ಕಾರ್ಮಿಕ ಅದನ್ನು ಪಂಚಾಂಗದ ಪಕ್ಕದಲ್ಲಿ ಇಟ್ಟು ಓದಿದ. ವರ್ಷದಲ್ಲಿ 240 ದಿನ ದುಡಿದವನಿಗೆ, ಮುಂದಿನ ವರ್ಷ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ರಜೆ ಸಿಗುತ್ತಿತ್ತು. 300 ದಿನ ದುಡಿದರೆ 15. ಅರ್ಜಿಯನ್ನು 15 ದಿನ ಮೊದಲೇ ಬರೆದು ಕೊಡಬೇಕಿತ್ತು. ವರ್ಷದಲ್ಲಿ ಮೂರು ಸಲಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿರಲಿಲ್ಲ. ರಜೆಯ ನಡುವೆಯೋ ತುದಿಯಲ್ಲೋ ಬೀಳುವ ಬೇರೆ ಸೂಟಿಗಳು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಉಳಿದದ್ದನ್ನು 30 ದಿನ ಮೀರದ ಹಾಗೆ ಮುಂದಿನ ವರ್ಷಕ್ಕೆ ಒಯ್ಯಬಹುದಿತ್ತು. ಇನ್ನೊಂದು ಕಲಮು ಇತ್ತು, ಅದನ್ನು ನಾವು ಗಮನಿಸೋದು ಕಡಿಮೆ: ನಾಲ್ಕು ದಿನಕ್ಕೆ ಕಡಿಮೆಯಿಲ್ಲದ ರಜೆ ಮಂಜೂರಾದರೆ ಆ ದಿನಗಳ ಪಗಾರವನ್ನು ರಜೆ ಶುರುವಾಗುವ ಮೊದಲೇ ಕೊಡಬೇಕಿತ್ತು. ಹಬ್ಬಕ್ಕೆ ಊರಿಗೆ ಹೊರಟವನ ಕೈಯಲ್ಲಿ ರೊಕ್ಕ ಇರಬೇಕಲ್ಲ? ಮೂರು ದಿನದ ರಜೆಗೂ ನಾಲ್ಕು ದಿನದ ರಜೆಗೂ ಇದ್ದ ವ್ಯತ್ಯಾಸ ಅದು.

ನಮ್ಮ ಮುತ್ಯಾ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದರು. ಅವರ ಊರು ಅಕ್ಕಲಕೋಟೆ ತಾಲೂಕು, ಆಯಿಯ ತವರು ಇಂಡಿ ತಾಲೂಕು. ಆಯಿ ಹೇಳುವ ಪ್ರಕಾರ ಹದಿನೈದು ದಿನ ಹಂಚುತ್ತಿದ್ದದ್ದು ಹೀಗೆ: ಎಳ್ಳಮಾಸಿಗೆ ಐದು, ಪಂಚಮಿಗೆ ನಾಲ್ಕು, ಬ್ಯಾಸಿಗೆಯ ಲಗ್ನಗಳಿಗೆ ಆರು. ಮೂರೇ ಸಲ, ಯಾವುದೂ ನಾಲ್ಕಕ್ಕೆ ಕಡಿಮೆ ಇಲ್ಲ. ಆಯಿಗೆ ಓದು ಬರಹ ಬಾರದು, ಕಾಯ್ದೆಯ ಕಲಮು ಗೊತ್ತಿಲ್ಲ. ಆದರೂ ಅವರ ಲೆಕ್ಕ ಕಲಮಿಗೆ ಸರಿಯಾಗಿ ಕೂಡುತ್ತದೆ. ಮೌಖಿಕ ನೆನಪನ್ನು ನಂಬಬಹುದೇ ಅಂತ ಕೇಳುವವರಿಗೆ ನಾನು ಮೊದಲು ತೋರಿಸೋದು ಇದನ್ನೇ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ‘ಎಳ್ಳಮಾಸಿ ಮುಗಿಸಿ ಅಲ್ಲಿಂದಲೇ ಮಂದಿನ್ನ ಕರಕೊಂಡು ಗಡ್ಡಾ ಜಾತ್ರೆಗೆ ಬಂದ ವರ್ಷ, ನಿಮ್ಮಪ್ಪ ತೊಟ್ಟಿಲದಾಗ ಇದ್ದ’ ಅಂತ ಆಯಿ ಹೇಳ್ತಿರತಾರೆ. ಅಪ್ಪ ಹುಟ್ಟಿದ್ದು 1966. ಎಳ್ಳಮಾಸಿ ಚಾಂದ್ರಮಾನದ ಹಬ್ಬ, ಡಿಸೆಂಬರ್ ಜನವರಿ ನಡುವೆ ಓಡಾಡುತ್ತದೆ. ಸಂಕ್ರಾಂತಿ ಸೌರಮಾನ, ಅಲ್ಲೇ ನಿಂತಿರುತ್ತದೆ. ಇವೆರಡೂ ಒಂದೇ ವಾರದಲ್ಲಿ ಕೂಡುವುದು ಕೆಲವೇ ವರ್ಷ. 1967ರಲ್ಲಿ ಅಮಾವಾಸ್ಯೆ ಜನವರಿ 10, ಮಂಗಳವಾರ; ಸಂಕ್ರಾಂತಿ 14, ಶನಿವಾರ. ಅವರ ಗಿರಣಿಗೆ ಭಾನುವಾರ ವಾರದ ರಜೆ, ಸಂಕ್ರಾಂತಿಗೂ ಸೂಟಿ ಇತ್ತು ಅನ್ನುತ್ತಾರೆ ಆಯಿ. ಹಾಗಾದರೆ 8ನೇ ತಾರೀಖಿನ ಭಾನುವಾರದಿಂದ 15ರ ಭಾನುವಾರದ ತನಕ ಎಂಟು ದಿನ; ಖರ್ಚಾದ ರಜೆ ಸೋಮವಾರದಿಂದ ಶುಕ್ರವಾರದ ಐದೇ ದಿನ. ಮಂಗಳವಾರ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ ಊಟ ಮಾಡಿ, ಬುತ್ತಿ ಕಟ್ಟಿಕೊಂಡು ಗುರುವಾರ ಸೊಲ್ಲಾಪುರಕ್ಕೆ ತಿರುಗಿ ಬಂದರು. ಬರುವಾಗ ಜೊತೆಗೆ ಊರಿನ ಒಂಬತ್ತು ಮಂದಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ರಜೆಯ ಪ್ರಯಾಣ ಅಂದರೆ ಪಟ್ಟಣದಿಂದ ಹಳ್ಳಿಗೆ ಅಂತ ನಾವು ಬರೆಯುತ್ತೇವೆ. ಸಿದ್ಧರಾಮನ ಜಾತ್ರೆ ನಡೆಯೋದು ಸೊಲ್ಲಾಪುರದಲ್ಲೇ. ಆ ವಾರ ಊರೇ ಚಾಳಿನ ಹತ್ತು ಅಡಿ ಕೋಲಿಗೆ ಬರುತ್ತಿತ್ತು, ಮುತ್ಯಾನ ಒಂದು ದಿನದ ರಜೆಯೂ ಹೆಚ್ಚಿಗೆ ಖರ್ಚಾಗದೆ. 68 ಲಿಂಗಗಳಿಗೆ ಎಣ್ಣೆಮಜ್ಜನ, ನಂದಿಕೋಲಿನ ಮೆರವಣಿಗೆ, ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ: ಈ ಜಾತ್ರೆಯ ಮಾತೇ ಕನ್ನಡ. ಮರಾಠಿ ಪತ್ರಿಕೆಗಳು ಇವತ್ತಿಗೂ ‘ಯಣ್ಣೀಮಜ್ಜನ’ ಅಂತಲೇ ಬರೆಯುತ್ತವೆ. ಚಾಳಿನ ಮಕ್ಕಳು ಶಾಲೆಯಲ್ಲಿ ಮರಾಠಿ ಓದಿದರೂ ಸೋದರಮಾವಂದಿರ ಜೊತೆ ಕನ್ನಡದಲ್ಲಿ ಜಗಳಾಡಿ ಬೆಳೆದದ್ದು ಇಂಥ ವಾರಗಳಲ್ಲಿ.

1956ರ ನವೆಂಬರ್ 1ಕ್ಕೆ ಇಂಡಿ ಮೈಸೂರು ರಾಜ್ಯಕ್ಕೆ ಹೋಯಿತು, ಅಕ್ಕಲಕೋಟೆ ಆಚೆ ಉಳಿಯಿತು. ಆಯಿಯ ತವರು ಬೇರೆ ರಾಜ್ಯವಾಯಿತು. ಆದರೆ ಕಾರ್ಖಾನೆ ಕಾಯ್ದೆ ಕೇಂದ್ರದ್ದಾಗಿತ್ತು, 20ಕ್ಕೆ ಒಂದು ಅನ್ನುವ ಲೆಕ್ಕ ಎರಡೂ ಕಡೆ ಅದೇ ಇತ್ತು. ಹೋಟಗಿಯಿಂದ ದಕ್ಷಿಣಕ್ಕೆ ಹೋಗುತ್ತಿದ್ದ ಮೀಟರ್‌ಗೇಜ್ ರೈಲೂ ಅದೇ. ಗಡಿ ಬಂದ ವರ್ಷ ಪಂಚಮಿಯ ಪ್ರಯಾಣ ತಪ್ಪಿತೇ ಅಂತ ಆಯಿಯನ್ನು ಕೇಳಿದೆ. ‘ಯಾವ ಗಡಿ?’ ಅಂದರು.

ಹಾಗಂತ ಇದನ್ನು ಸುಖದ ಕಥೆ ಅಂತ ತಿಳಿಯಬಾರದು. ಬದಲಿ ಕಾರ್ಮಿಕನಿಗೆ 240 ದಿನ ತುಂಬುವುದೇ ಕಷ್ಟವಾಗಿತ್ತು. ತುಂಬದಿದ್ದರೆ ಒಂದು ದಿನವೂ ಇರಲಿಲ್ಲ. ಮುತ್ಯಾ ಕಾಯಂ ಆಗುವ ಮುಂಚೆ ನಾಲ್ಕು ವರ್ಷ ಬದಲಿ. ಆ ನಡುವೆ ಅವರ ತಾಯಿ ತೀರಿಕೊಂಡಾಗ ಹೋಗಿ ಬಂದದ್ದು ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಅಂತಲೇ ಸೇರಿತು. ಆ ಸಂಖ್ಯೆಗಳನ್ನು ಕೂಡಿಸಿ ‘ಕನ್ನಡ ಹಳ್ಳಿಯ ಕಾರ್ಮಿಕರಿಗೆ ಶಿಸ್ತಿಲ್ಲ’ ಅಂತ ತೀರ್ಮಾನಿಸುವ ಮುನ್ನ ನಾವು ಪಂಚಾಂಗ ತೆರೆದು ನೋಡಬೇಕು ಅನ್ನೋದಷ್ಟೇ ನನ್ನ ವಿನಂತಿ.

2024ರಲ್ಲಿ ಎಳ್ಳಮಾಸಿ ಜನವರಿ 11, ಗುರುವಾರ. ಸಂಕ್ರಾಂತಿ 15, ಸೋಮವಾರ. ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಅಣ್ಣ ಫೋನಿನ ಕ್ಯಾಲೆಂಡರ್ ನೋಡಿ ಗುರುವಾರ, ಶುಕ್ರವಾರ, ಸೋಮವಾರ ಮೂರು ರಜೆ ಹಾಕಿ ಐದು ದಿನ ಬಂದಿದ್ದ. ತಾನೇ ಕಂಡುಹಿಡಿದ ಉಪಾಯ ಅಂದುಕೊಂಡಿದ್ದ. ಅಮಾವಾಸ್ಯೆ 19 ವರ್ಷಕ್ಕೊಮ್ಮೆ ಹೆಚ್ಚು ಕಡಿಮೆ ಅದೇ ತಾರೀಖಿಗೆ ಬರುತ್ತದೆ. 1967ಕ್ಕೆ ಮೂರು ಸುತ್ತು ಕೂಡಿಸಿದರೆ 2024.

ಪ್ರಶ್ನೋತ್ತರದಿಂದ

ಪ್ರಶ್ನೆ (ಅಧ್ಯಾಪಕರು): ಮುತ್ಯಾನ ಲೆಕ್ಕ ಆಯಿತು. ಆಯಿಯ ಸೂಟಿಯ ಲೆಕ್ಕ ಏನಮ್ಮಾ?

ಉತ್ತರ: ಇದು ಬರಬೇಕಾದ ಪ್ರಶ್ನೆಯೇ ಸರ್. ಆಯಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲೂ 20 ದಿನಕ್ಕೆ ಒಂದು ದಿನದ ರಜೆ ಬರೆದಿತ್ತು. ಆಯಿಗೆ ಅದು ಒಂದು ಸಲವೂ ಸಿಗಲಿಲ್ಲ. ಕಟ್ಟಿದ ದಿನ ಕೂಲಿ, ಕಟ್ಟದ ದಿನ ಇಲ್ಲ. ಊರಿಗೆ ಹೋಗುವ ಮುಂಚಿನ ವಾರ ಹೆಚ್ಚಿಗೆ ಎಲೆ ಬೇಡಿ ತಂದು ರಾತ್ರಿ ದೀಪ ಹಚ್ಚಿ ಕಟ್ಟುತ್ತಿದ್ದರಂತೆ. ಮುತ್ಯಾ ಎಂಟು ದಿನ ಗಳಿಸಿದ್ದು ಕಾಯ್ದೆಯಿಂದ, ಆಯಿ ಗಳಿಸಿದ್ದು ನಿದ್ದೆ ಬಿಟ್ಟು. ಆ ರಾತ್ರಿಗಳು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಆ ಕಾಲದ ಬೀಡಿ ಕಟ್ಟಿದ ಹೆಣ್ಣುಮಕ್ಕಳು ನಮ್ಮ ಓಣಿಯಲ್ಲಿ ಇನ್ನೂ ಕೆಲವರು ಇದ್ದಾರೆ. ಮುಂದಿನ ಸಂದರ್ಶನಗಳನ್ನು ಅವರಿಂದ ಶುರು ಮಾಡ್ತೀನಿ.